ಗುರುತಿನ ಪೆರೇಡು

ಶಿವರಾಂಪೇಟೆ, ಸೈಕಲ್ ರಿಪೇರಿ ಅಂಗಡಿಯ ಮೇಲೆ
ನನ್ನ ಬೋರ್ಡು: ರೆಜಿನಾ ಬಿ. ಸಿದ್ದಿ, ಖಾಸಗಿ ಪತ್ತೇದಾರಿಕೆ.
ಮದುವೆ ಗಂಡುಗಳ ಕುಡಿತ, ಹೆಣ್ಣುಗಳ ಹಳೆ ಫೋನ್ ನಂಬರು,
ಹೆಚ್ಚಾಗಿ ಅದೇ ಹೊಟ್ಟೆಪಾಡು.
ಮೆಟ್ಟಿಲು ಹತ್ತಿ ಬಂದವರು ಮೊದಲು ನನ್ನ ಹಿಂದಿನ ಗೋಡೆ ನೋಡುತ್ತಾರೆ,
ಸಾಹೇಬರು ಅಲ್ಲೆಲ್ಲೋ ಅಡಗಿದ್ದಾರೆಂಬಂತೆ.
ಆಮೇಲೆ ಇಂಗ್ಲಿಷು.
'ವಿಚ್ ಕಂಟ್ರಿ, ಮೇಡಂ?'
'ಯಲ್ಲಾಪುರ' ಅನ್ನುತ್ತೇನೆ.

ಅಚ್ಯುತಮೂರ್ತಿಗಳೂ ಹಾಗೇ ಬಂದರು, ಸರಸ್ವತೀಪುರಂನಿಂದ,
ಕೊಡೆಯನ್ನು ಮೊಣಕಾಲ ನಡುವೆ ಊರಿ ಕೂತರು.
ಕಳ್ಳ ಸಿಕ್ಕಿದ್ದಾನಂತೆ, ಒಡವೆ ಸಿಕ್ಕಿಲ್ಲ.
ಮಹಡಿಯ ಬಾಡಿಗೆ ಹುಡುಗ, ಕಾಂಗೋದವನು,
(ಬಾಡಿಗೆ ಮಾತ್ರ ಎರಡು ಪಟ್ಟು)
'ಏಟು ತಿಂದರೂ ಬಾಯಿ ಬಿಡ್ತಿಲ್ಲ.
ನಿಮ್ಮವನಲ್ವೇ, ನಿಮ್ಮ ಹತ್ರ ಬಿಟ್ಟಾನು ಅಂತ.'

ನಿಮ್ಮವನು.
ನನಗೆ ಬರುವುದು ಕನ್ನಡ, ಕೊಂಕಣಿ, ಸಂತೆಗಾಗುವಷ್ಟು ಮರಾಠಿ.
ಅವನಿಗೆ ಫ್ರೆಂಚು, ಲಿಂಗಾಲ.
ನಡುವೆ ಒಂದು ಸಮುದ್ರ, ನಾಲ್ಕುನೂರು ವರ್ಷ,
ಗೋವೆಯ ಧಕ್ಕೆಯಲ್ಲಿ ಹಲ್ಲು ಎಣಿಸಿ
ನನ್ನವರನ್ನು ಕೊಂಡ ಯಾವನೋ ದೊರೆ.
ಮುಂಗಡ ಎಣಿಸಿಕೊಂಡೆ.

ಹುಡುಗನ ಹೆಸರು ದಿಯೊದೊನ್ನೆ. ದೇವರು ಕೊಟ್ಟವನು ಎಂದರ್ಥ,
ನಮ್ಮ ದೇವದತ್ತನ ಹಾಗೆ.
ಠಾಣೆಯ ರೈಟರು ಅಷ್ಟೆಲ್ಲ ಬರೆಯಲಾರದೆ
'ದೊನ್ನೆ' ಅಂತ ಬರೆದುಕೊಂಡಿದ್ದ.
ಉಂಡು ಎಸೆಯುವಂಥದ್ದು.
ಊದಿದ ತುಟಿಯಿಂದ ಅವನು ನನ್ನ ಕೇಳಿದ್ದು ಒಂದೇ,
ಶುಕ್ರವಾರದ ಪರೀಕ್ಷೆ ಮುಗಿದುಹೋಯಿತೇ.

ಸಾಕ್ಷಿ, ಹಾಲಿನ ಚಿಕ್ಕಬೋರಯ್ಯ.
ನಸುಕಿನ ನಾಲ್ಕೂವರೆಗೆ ಹೊಂಗೆ ಮರದಡಿ ಕಂಡನಂತೆ,
'ಕರ್ರಗೆ, ಉದ್ದಕೆ, ಗುಂಗುರು ಕೂದ್ಲು.'
ಐವರನ್ನು ಸಾಲಾಗಿ ನಿಲ್ಲಿಸಿದರು.
ನಾನು ಪಕ್ಕದಲ್ಲಿ, ಬೀರುವಿಗೆ ಒರಗಿ,
ಸೀರೆಯುಟ್ಟು, ನೋಟ್‌ಬುಕ್ ಹಿಡಿದು.
ಚಿಕ್ಕಬೋರಯ್ಯ ಸಾಲು ನೋಡಿದ, ತಲೆ ಕೆರೆದ,
ಬೆರಳೆತ್ತಿ ನನಗೇ ಗುರಿಯಿಟ್ಟ:
'ಇವರೇಯ ಸಾ.'

ಇನ್ಸ್‌ಪೆಕ್ಟರು ಹೊಟ್ಟೆ ಹಿಡಿದು ನಕ್ಕರು. ಪೇದೆಗಳು ನಕ್ಕರು.
ನಾನೂ ನಕ್ಕೆ, ಆಮೇಲೆ ಅದನ್ನು ಬರೆದುಕೊಂಡೆ,
ಗಂಟೆ, ನಿಮಿಷ, ನಕ್ಕವರ ಹೆಸರು ಸಮೇತ.

ರಾತ್ರಿ ಕ್ಯಾಮೆರಾಕ್ಕೆ ಎಲ್ಲರೂ ಕಪ್ಪು.
ನಡುಮನೆಯ ಆ ಹನ್ನೊಂದು ಸೆಕೆಂಡನ್ನು
ಪೊಲೀಸರು ಬಣ್ಣಕ್ಕಾಗಿ ನೋಡಿದ್ದರು.
ನಾನು ಕೈ ನೋಡಿದೆ.
ದೇವರಮನೆಯ ಮುಂದೆ ಅವನು ಬಗ್ಗಿದ,
ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡ,
ಬಲಗಾಲಿಟ್ಟು ಒಳಗೆ ಹೋದ,
ಲಕ್ಷ್ಮಿಯ ಮುಂದಿನ ಬೆಳ್ಳಿ ಡಬ್ಬಿ ಎತ್ತಿದ.

'ಇನ್ನೊಂದು ಸಲ ಹಾಕಿ' ಅಂದರು ಮೂರ್ತಿಗಳು.
ಮೂರನೇ ಸಲಕ್ಕೆ ಕನ್ನಡಕ ತೆಗೆದು
ಪಂಚೆಯ ಅಂಚಿನಲ್ಲಿ ಒರೆಸುತ್ತ ಕೂತರು.
ಒಳಗೆ ಅಳಿಯ, ಕಾಫಿಗೆ ಸಕ್ಕರೆ ಸಾಲದೆಂದು ಕೂಗುತ್ತಿದ್ದ.
ಅಶೋಕ ರಸ್ತೆಯ ಗಿರವಿ ಚೀಟಿಯ ನಕಲು ನನ್ನ ಪರ್ಸಿನಲ್ಲಿತ್ತು,
ತೆಗೆಯಬೇಕಾಗಲಿಲ್ಲ.
'ಇದನ್ನ ಬರವಣಿಗೇಲಿ ಕೊಡಬೇಡಿಮ್ಮ.'
ಅಮ್ಮ ಅಂದದ್ದು ಅದೇ ಮೊದಲು.

ಬರೆದೇ ಕೊಟ್ಟೆ. ಒಂದು ಪ್ರತಿ ಹುಡುಗನ ವಕೀಲರಿಗೆ.
ಒಡವೆ ಬೀರುವಿನ ಹಿಂದೆ ಬಿದ್ದಿತ್ತೆಂದು ಮನೆಯವರ ಹೇಳಿಕೆ.
ದಿಯೊದೊನ್ನೆ ಹನ್ನೆರಡನೇ ದಿನ ಹೊರಗೆ ಬಂದ,
ಯಾರಿಗೂ ಹೇಳದೆ ಪುಣೆಯ ರೈಲು ಹತ್ತಿದ.
ಮಹಡಿಗೆ ಹೊಸ ಬೋರ್ಡು: ಸಸ್ಯಾಹಾರಿ ಕುಟುಂಬಕ್ಕೆ ಮಾತ್ರ.
ಬಾಕಿ ಫೀಸು ಇನ್ನೂ ಬಂದಿಲ್ಲ.

ಮೊನ್ನೆ ನಸುಕಿನಲ್ಲಿ ಬಲ್ಲಾಳ್ ಸರ್ಕಲ್ಲಿನ ಹತ್ತಿರ
ಇನ್ಯಾರದೋ ಗಂಡನಿಗಾಗಿ ಕಾಯುತ್ತ ನಿಂತಿದ್ದೆ.
ಚಿಕ್ಕಬೋರಯ್ಯ ಸೈಕಲ್ ನಿಲ್ಲಿಸಿದ.
'ತಪ್ಪಾಯ್ತು ಕನವ್ವ. ಕರ್ರಗಿರೋರ ತೋರ್ಸು ಅಂದಿದ್ರು.
ಇದ್ದೋರಲ್ಲಿ ನೀವೇ ಚೆಂದಾಗಿ ಕರ್ರಗಿದ್ರಿ.'
ಅಂದವನು ತನ್ನ ಮೊಣಕೈ ತಿರುಗಿಸಿ ನೋಡಿಕೊಂಡ,
ಬೀದಿದೀಪದಡಿ ನನ್ನ ಕೈ ಪಕ್ಕಕ್ಕೆ ಹಿಡಿದ.
ಸ್ವಲ್ಪ ಹೊತ್ತು ಇಬ್ಬರೂ ನೋಡಿದೆವು.
'ನಂದೇ ಒಂದು ಕೈ ಮೇಲು' ಅಂದ.
ಅರ್ಧ ಲೀಟರು ಕೊಟ್ಟ. ಕಾಸು ಎಣಿಸಿ ತೆಗೆದುಕೊಂಡ.
ಎದುರು ಮನೆಯ ಬಾಗಿಲು ಕಿರ್ರೆಂದಿತು,
ನಾನು ಹಾಲು ಹಿಡಿದುಕೊಂಡೇ ಮರದ ನೆರಳಿಗೆ ಸರಿದೆ.